ಹನ್ನೊಂದನೇ ಮನೆಯ ಹಿಂಗೋಡೆ

ಬೆಳಗಿನ ಏಳೂವರೆ. ಹನ್ನೊಂದನೇ ಮನೆಯ ಹಿಂಗೋಡೆಯನ್ನು ಯಾರೋ ಒಡೆದು, ಮತ್ತೆ ಮಣ್ಣಿನಿಂದ ಮೆತ್ತಿದ್ದರು. ಬೂದು ಬಣ್ಣದ ಸಿಮೆಂಟ್ ಇಟ್ಟಿಗೆಯ ಆ ಉದ್ದನೆಯ ಸಾಲಿನಲ್ಲಿ ಆಳೆತ್ತರದ ಕಂದು ತೇಪೆ ಹಿತ್ತಿಲ ಬೇಲಿಯಿಂದಲೇ ಕಾಣುತ್ತಿತ್ತು. ಇಂಜಿನಿಯರ್ ಗಂಗಯ್ಯ ಸೈಕಲ್ಲನ್ನು ಬೇಲಿಗೆ ಒರಗಿಸುವುದನ್ನೂ ಮರೆತು, ಹ್ಯಾಂಡಲ್ ಹಿಡಿದುಕೊಂಡೇ ನಿಂತ. ಹಾಸನದ ಮಾಘದ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಹತ್ತು ಗಂಟೆಗೆ ಪ್ರವಾಸಿ ಮಂದಿರದಿಂದ ಜನ ಬರುವವರಿದ್ದರು: ಬೆಂಗಳೂರಿನ ವಾಸ್ತುಶಿಲ್ಪದ ಪ್ರೊಫೆಸರೊಬ್ಬರು, ಅವರ ಹಿಂದೆ ಒಂದು ವ್ಯಾನು ವಿದ್ಯಾರ್ಥಿಗಳು. ಹಿಂದಿನ ದಿನ ಅವರು ಬೇಲೂರು, ಹಳೇಬೀಡು ನೋಡಿದ್ದರು. ಈ ದಿನ ನೋಡಬೇಕಾದದ್ದು ಊರಾಚೆ ಕಸ ಗುಡಿಸುವವರಿಗೂ ಕೂಲಿಯವರಿಗೂ ಕಟ್ಟಿದ ಈ ಮನೆಗಳನ್ನು. ಪ್ರೊಫೆಸರರ ಮಾತಿಗೆ ಸರ್ಕಾರದಲ್ಲಿ ಬೆಲೆಯಿತ್ತು. ಅವರು ಒಪ್ಪಿದರೆ ಇದೇ ನಕ್ಷೆಯ ಮನೆಗಳು ಅರಕಲಗೂಡಿನಲ್ಲೂ ಚನ್ನರಾಯಪಟ್ಟಣದಲ್ಲೂ ಏಳುತ್ತಿದ್ದವು. ನಕ್ಷೆ ಗಂಗಯ್ಯನದು. ಇಲಾಖೆಗೆ ಸೇರಿದ ಮೇಲೆ ಅವನು ಬರೆದದ್ದರಲ್ಲಿ ತನ್ನದೆಂದು ಹೇಳಿಕೊಳ್ಳಬಹುದಾದದ್ದು ಇದೊಂದೇ. ಮಿಕ್ಕವೆಲ್ಲ ಕಾಲುವೆಯ ಮೋರಿಗಳು, ಒಂದು ಪಶು ಆಸ್ಪತ್ರೆಯ ಕಾಂಪೌಂಡು.

ಮೇಸ್ತ್ರಿ ಬೋರಪ್ಪ ಮೊದಲೇ ಬಂದು ಚರಂಡಿಗಳನ್ನು ತೊಳೆಸುತ್ತಿದ್ದ. ಸಾಹೇಬರು ನಿಂತ ರೀತಿ ನೋಡಿ ಹೆಗಲ ಟವೆಲ್ಲು ಸರಿಪಡಿಸಿಕೊಳ್ಳುತ್ತ ಹತ್ತಿರ ಬಂದ.

“ಈ ಮನೆ ಬೈರಯ್ಯ ಓಗ್ಬುಟ್ಟ ಸಾ. ತಿಂಗ್ಳಾಯ್ತಾ ಬಂತು. ನೀವು ಅರಕಲಗೂಡಲ್ಲಿದ್ರಿ.”

“ಸತ್ತರೆ ಗೋಡೆ ಯಾಕೆ ಒಡೀಬೇಕಿತ್ತು?”

ಬೋರಪ್ಪ ಅವನ ಮುಖವನ್ನೇ ನೋಡಿದ. “ನಕ್ಸತ್ರ ಸರಿ ಇರ್ಲಿಲ್ವಂತೆ. ಪಂಚಕ ಅಂದ್ರು. ಬಾಗ್ಲಲ್ಲಿ ತಗಂಡೋಗಂಗಿಲ್ಲ. ನಿಮಗೆ ಗೊತ್ತಿರೋದೆಯ.”

ಗೊತ್ತಿತ್ತು. ಗೊತ್ತಿದ್ದೂ ಕೇಳಿದ್ದಕ್ಕೆ ಗಂಗಯ್ಯನ ಕಿವಿ ಬಿಸಿಯಾಯಿತು. ಕೆಟ್ಟ ನಕ್ಷತ್ರದಲ್ಲಿ ಹೋದವರನ್ನು ಬಾಗಿಲಿನಿಂದ ಸಾಗಿಸಬಾರದು. ಗೋಡೆ ಒಡೆದು ದಾರಿ ಮಾಡಬೇಕು. ಹೆಣ ಹೊತ್ತವರು ಹೂಳುವ ಗುಳಿಯಿಂದ ತಿರುಗಿ ಬರುವುದರೊಳಗೆ ಆ ದಾರಿ ಮುಚ್ಚಿರಬೇಕು. ಸತ್ತವನು ಹೋದ ದಾರಿಯಲ್ಲೇ ತಿರುಗಿ ಬರುತ್ತಾನೆ, ಬಂದಾಗ ಅಲ್ಲಿ ಗೋಡೆ ಸಿಗಬೇಕು. ಆಮೇಲೆ ಮನೆಯವರು ಮನೆಗೆ ಬೀಗ ಹಾಕಿ ಮೂರು ತಿಂಗಳು ಹೊರಗಿರುತ್ತಾರೆ. ಹರದನಹಳ್ಳಿಯ ಕೇರಿಯಲ್ಲಿ ಹುಟ್ಟಿ ಬೆಳೆದ ಅವನಿಗೆ ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ನೀರು ಎಲ್ಲಿಂದ ತರಬೇಕು, ಎಲ್ಲಿಂದ ತರಬಾರದು ಎಂಬುದು ಗೊತ್ತಾದ ಹಾಗೆಯೇ ಇದೂ ಗೊತ್ತಾಗಿತ್ತು.

“ನಿಮ್ಮ ಇಟ್ಟಿಗೆ ಬಲೇ ಗಟ್ಟಿ ಸಾ,” ಎಂದ ಬೋರಪ್ಪ. ಹೊಗಳಿದನೋ ದೂರಿದನೋ ತಿಳಿಯಲಿಲ್ಲ. “ಊರಲ್ಲಾದ್ರೆ ಎಲಡಿಕೆ ಹಾಕ್ಕಳೋ ಒಳಗೆ ಆಗೋ ಕೆಲ್ಸ. ಇಲ್ಲಿ ಮೂರಾಳು ಹಾರೆ ಹಿಡುದ್ರೂ ಮದ್ಯಾನ ದಾಟ್ತು. ಹೆಣ ಒಳಗೇ ಕಾಯ್ತಿತ್ತು. ಆ ಇಟ್ಟಿಗೇನೆಲ್ಲ ಹೊತ್ತು ಹಾಕಿದ್ದೂ ಬೈರಯ್ಯನೇ ಅಲ್ವಾ, ಕಟ್ಟೋವಾಗ.”

ಹಿತ್ತಿಲಿನಲ್ಲಿ, ಗೋಡೆಯ ತೇಪೆಗೆ ಎದುರಾಗಿ, ತೆಂಗಿನ ಗರಿಯ ಒಂದು ಮರೆ ಇತ್ತು. ಅದರ ಕೆಳಗೆ ಮೂರು ಕಲ್ಲಿನ ಒಲೆ, ಸುತ್ತಿಟ್ಟ ಚಾಪೆ, ಬೋರಲು ಹಾಕಿದ ಪಾತ್ರೆಗಳು. ಬೈರಯ್ಯನ ಹೆಂಡತಿ ಹೊನ್ನಕ್ಕ ಅಲ್ಲೇ ಇದ್ದಳೆಂದು ಯಾರೂ ಹೇಳಬೇಕಾಗಿರಲಿಲ್ಲ. ಪೇಟೆಯ ಬೀದಿ ಗುಡಿಸಲು ಹೋದವಳು ಹತ್ತರ ಮೇಲೆ ಬರುತ್ತಾಳೆ ಎಂದ ಬೋರಪ್ಪ. ಹೊನ್ನಕ್ಕ ಹರದನಹಳ್ಳಿಯವಳು, ಗಂಗಯ್ಯನ ತಾಯಿ ಬೆಟ್ಟಮ್ಮನ ಜೊತೆ ನಾಟಿಗೆ, ಕಳೆಗೆ ಹೋದವಳು. ಅವನು ಅವಳನ್ನು ಚಿಕ್ಕವ್ವ ಎಂದು ಕರೆಯುತ್ತಿದ್ದ. ಮನೆಗಳನ್ನು ಹಂಚಿದ ದಿನ ಚಪ್ಪರದ ಕೆಳಗೆ ದೊಡ್ಡವರ ನಡುವೆ ಅವನು ಕುರ್ಚಿಯಲ್ಲಿ ಕೂತಿದ್ದಾಗ ಅವಳು ಹೆಂಗಸರ ಗುಂಪಿನಿಂದ ಎದ್ದು, “ನಮ್ಮ ಬೆಟ್ಟಮ್ಮನ ಗಂಗ ಕಣ್ರೇ ಇವನು” ಎಂದಿದ್ದಳು. ಅವನು ಕೇಳಿಸದವನಂತೆ ಮೈಕಿನ ಕಡೆ ನೋಡಿದ್ದ. ಆಮೇಲೆ ಈ ಕಾಲೋನಿಗೆ ಬರುವುದನ್ನು ಕಡಿಮೆ ಮಾಡಿದ್ದ. ಬೈರಯ್ಯ ಸತ್ತ ಸುದ್ದಿ ತನಗೆ ಮುಟ್ಟದೆ ಹೋದದ್ದು ಅರಕಲಗೂಡಿನ ಕೆಲಸದಿಂದಲ್ಲ ಎಂದು ಈಗ ಹೊಳೆಯಿತು. ಹೇಳಬೇಕೆಂದು ಇಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

“ನಂಜಪ್ಪನವರು ನೋಡಿದಾರಾ ಇದನ್ನ?”

“ಇನ್ನೂ ಇಲ್ಲ. ಈ ಹಿತ್ತಲ ಕಡೆ ಅವರು ಎಲ್ಲಿ ಬತ್ತಾರೆ? ಇವತ್ತು ಬತ್ತಾರೆ.”

ನಂಜಪ್ಪ ಕಾಲೋನಿಯ ಮೇಲ್ವಿಚಾರಕ. ದಂಡಿಗನಹಳ್ಳಿ ಕಡೆಯ ಜಮೀನಿನ ಮನೆತನ; ಬಿಳಿ ಪಂಚೆಯ ಮೇಲೆ ಕೋಟು ಹಾಕುತ್ತಿದ್ದ. ಗೋಡೆಯನ್ನಾಗಲಿ ಕಿಟಕಿಯನ್ನಾಗಲಿ ಒಡೆದವರನ್ನು ಮನೆಯಿಂದ ಬಿಡಿಸತಕ್ಕದ್ದು ಎಂಬ ನಿಯಮವನ್ನು ಅವನು ಎರಡು ಸಲ ಜಾರಿ ಮಾಡಿದ್ದ, ಒಂದು ಸಲ ಬರೀ ದೀಪದ ಗೂಡು ಕೊರೆದದ್ದಕ್ಕೆ. ಬಿಡಿಸಿದ ಮನೆಗಳಿಗೆ ತನ್ನ ತೋಟದ ಆಳುಗಳನ್ನು ತಂದಿಟ್ಟಿದ್ದ. ಹತ್ತು ಗಂಟೆಗೆ ಅವನು ಪ್ರೊಫೆಸರರ ಪಕ್ಕದಲ್ಲೇ ಇಲ್ಲಿಗೆ ಬರುತ್ತಾನೆ, ಈ ತೇಪೆ ನೋಡುತ್ತಾನೆ, ಹೊನ್ನಕ್ಕನ ಮನೆ ಅಲ್ಲಿಗೆ ಮುಗಿಯಿತು. ಗಂಡ ಸತ್ತ ತಿಂಗಳಿಗೇ.

ಕಂದು ಮಣ್ಣನ್ನು ಕೆತ್ತಿ ಮೇಲೆ ಸಿಮೆಂಟ್ ಬಳಿದರೆ? ಹಸಿ ಕಾಣುತ್ತದೆ, ಎರಡು ದಿನವಾದರೂ ಬೇಕು ಎಂದ ಬೋರಪ್ಪ. ಗಂಗಯ್ಯ ತೇಪೆಯ ಹತ್ತಿರ ಹೋದ. ಮಣ್ಣಿನಲ್ಲಿ ಕೈಬೆರಳುಗಳ ಗುರುತು ಒಣಗಿ ಉಳಿದಿತ್ತು. ಒಡಕು ಮೇಲೆ ಹೋಗಿ, ಬಾಗಿಲೆತ್ತರಕ್ಕೆ ಮನೆಯ ಸುತ್ತ ಹಾಯಿಸಿದ್ದ ಕಾಂಕ್ರೀಟ್ ಪಟ್ಟಿಯ ಬುಡಕ್ಕೆ ನಿಂತಿತ್ತು. ಹಾರೆಗೆ ಅದು ಬಗ್ಗಿರಲಿಲ್ಲ. ಅವನು ಹಿಂದಕ್ಕೆ ಸರಿದು ನೋಡಿದ, ಮತ್ತೂ ಹಿಂದಕ್ಕೆ ಸರಿದು ನೋಡಿದ. ಎದೆ ಒಮ್ಮೆಲೇ ಹಗುರಾಯಿತು, ಹಗುರಾದದ್ದಕ್ಕೆ ನಾಚಿಕೆಯೂ ಆಯಿತು. ಅವನ ಮೊದಲನೆಯ ನಕ್ಷೆಯಲ್ಲಿ ಹಿಂಬಾಗಿಲು ಇದ್ದದ್ದು ಸರಿಯಾಗಿ ಅಲ್ಲೇ. ಖರ್ಚು ಇಳಿಸಿ, ಏನಾದರೂ ಒಂದನ್ನು ಬಿಡಿ ಎಂದು ಮೇಲಿನವರು ಕೇಳಿದಾಗ ಅವನೇ ಕೆಂಪು ಪೆನ್ಸಿಲ್ ಎಳೆದಿದ್ದ. ಒಂದು ಮನೆಗೆ ಒಂದು ಬಾಗಿಲು ಸಾಕು ಸರ್, ಎಂದಿದ್ದ. ಮಾತು ಚೆನ್ನಾಗಿ ಕೇಳಿಸಿತ್ತು. ಮುಂದಿನ ಸಭೆಯಲ್ಲಿ ಮೇಲಿನವರು ಅದನ್ನು ತಮ್ಮದೇ ಮಾತಿನಂತೆ ಆಡಿದ್ದರು.

“ಬೋರಪ್ಪ, ಮಣ್ಣು ಪೂರ್ತಿ ತೆಗಿ. ಎರಡೂ ಅಂಚು ಚಾಣ ಹಾಕಿ ನೇರ ಮಾಡು. ಬಾಗಿಲಿಗೆ ಅಂತ ಜಾಗ ಬಿಟ್ಟಿದ್ದಾರೆ ಅನ್ನೋ ಹಾಗಿರಬೇಕು.”

ಬೋರಪ್ಪ ತೇಪೆಯ ಕಡೆ ನೋಡಿದ. “ಮುಚ್ಚಿರೋದು ಸಾ ಅದು.”

“ಗೊತ್ತು.”

“ಹೊನ್ನಕ್ಕನ್ನ ಒಂದು ಮಾತು ಕೇಳಾನ.”

“ಅವಳು ಬರೋ ಹೊತ್ತಿಗೆ ನಂಜಪ್ಪನೂ ಬಂದಿರ್ತಾನೆ. ಅವಳ ಮನೆ ಉಳಿಸೋದಕ್ಕೇ ಮಾಡ್ತಿರೋದು.”

“ಆಮ್ಯಾಕೆ ನನ್ನ ಹೆಸ್ರು ಹೇಳ್ಬ್ಯಾಡಿ,” ಎಂದು ಬೋರಪ್ಪ ಸುತ್ತಿಗೆ ತರಲು ಹೋದ. ಶುರು ಮಾಡುವ ಮೊದಲು ಟವೆಲ್ಲು ತೆಗೆದು ಕಲ್ಲಿನ ಮೇಲಿಟ್ಟ. ಚಪ್ಪಲಿಯನ್ನೂ ಬಿಟ್ಟ.

ಸುತ್ತಿಗೆಯ ಸದ್ದಿಗೆ ಅಕ್ಕಪಕ್ಕದ ಮನೆಗಳಿಂದ ಒಬ್ಬಿಬ್ಬರು ಹೊರಗೆ ಬಂದು ನೋಡಿ, ಏನೂ ಕೇಳದೆ ಒಳಗೆ ಹೋದರು. ಗಂಗಯ್ಯ ಬೇಲಿಯ ಹತ್ತಿರ ಹೋಗಿ ಮನೆಗಳ ಸಾಲನ್ನು ನೋಡಿದ, ಬರುವವರು ನೋಡುವ ಕಡೆಯಿಂದ. ಒಂದೊಂದು ಮನೆ ಪಕ್ಕದ ಮನೆಗಿಂತ ಒಂದಿಷ್ಟು ಹಿಂದೆ ಸರಿದಿದ್ದರಿಂದ ಎಲ್ಲ ಮನೆಗೂ ಬೆಳಗಿನ ಬಿಸಿಲು ಸಿಗುತ್ತಿತ್ತು. ಕಿಟಕಿಗೆ ಮರದ ಬದಲು ಸಿಮೆಂಟಿನ ಜಾಲರಿ. ಹೆಂಚಿಲ್ಲ, ಚಪ್ಪಟೆ ತಾರಸಿ. ಈ ಎಲ್ಲವನ್ನೂ ಅವನು ಚಂಡೀಗಢದಲ್ಲಿ ನೋಡಿ ಬಂದಿದ್ದ. ಇಲಾಖೆ ನಾಲ್ಕು ಜನರನ್ನು ಅಲ್ಲಿಗೆ ಕಳಿಸಿದಾಗ ಮಿಕ್ಕ ಮೂವರು ದೊಡ್ಡ ಕಟ್ಟಡಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದರು. ಅವನು ಒಬ್ಬನೇ ಜವಾನರ ಮನೆಗಳ ಬೀದಿಯಲ್ಲಿ ಮಧ್ಯಾಹ್ನವೆಲ್ಲ ತಿರುಗಿದ್ದ. ಕೆಂಪು ಇಟ್ಟಿಗೆಯ ಚಿಕ್ಕ ಚಿಕ್ಕ ಮನೆಗಳು, ಒಂದೇ ಅಳತೆ, ಗೋಡೆಯಲ್ಲಿ ಚೌಕ ಚೌಕ ಕಿಂಡಿಗಳ ನೆರಳು. ಜವಾನನ ಮನೆಗೂ ಒಬ್ಬರು ಇಷ್ಟು ಯೋಚನೆ ಮಾಡಿದ್ದಾರಲ್ಲ ಎಂದು ಆ ಕಿಂಡಿಗಳ ಅಳತೆಯನ್ನೆಲ್ಲ ಬರೆದುಕೊಂಡಿದ್ದ. ಒಳಗೆ ಹೇಗಿದೆ ಎಂದು ನೋಡುವ ಆಸೆಗೆ ತೆರೆದಿದ್ದ ಒಂದು ಬಾಗಿಲಲ್ಲಿ ತಲೆ ಹಾಕಿದ. ಒಬ್ಬ ಮನುಷ್ಯ ನೆಲದ ಮೇಲೆ ಕೂತು ಊಟ ಮಾಡುತ್ತಿದ್ದ. ಗಂಗಯ್ಯನನ್ನು ಕಂಡವನೇ ಬೈಯಲಿಲ್ಲ, ಏಳಲಿಲ್ಲ. ಎಡಗೈಯನ್ನು ತಟ್ಟೆಯ ಮೇಲೆ ಅಡ್ಡ ಹಿಡಿದು, ನೋಡುವವನು ನೋಡಿ ಹೋಗಲೆಂದು ಗೋಡೆಯ ಕಡೆ ಮುಖ ತಿರುಗಿಸಿ ಕಾದ. ತನಗೆ ಅವನ ಭಾಷೆ ಬರುತ್ತಿರಲಿಲ್ಲ. ಬಂದಿದ್ದರೂ ಏನು ಹೇಳುತ್ತಿದ್ದ, ನಾನೂ ನಿಮ್ಮಂಥವನೇ ಎಂದೇ? ಕೈಯಲ್ಲಿ ಅಳತೆ ಟೇಪಿತ್ತು, ಕಾಲಲ್ಲಿ ಬೂಟಿತ್ತು.

ಬೋರಪ್ಪ ಕೂಗಿದ. ಕೆಲಸ ಮುಗಿದಿತ್ತು. ಗೋಡೆಯಲ್ಲಿ ಈಗ ನೆಟ್ಟಗಿನ ಒಂದು ತೆರವು, ಅದರೊಳಗೆ ಕತ್ತಲೆ. ನಿಜವಾಗಿಯೂ ಬಾಗಿಲಿಗೆಂದೇ ಬಿಟ್ಟಂತಿತ್ತು. ಅಂಚುಗಳು ಎಷ್ಟು ನೇರವಾಗಿವೆ, ದಪ್ಪ ಎಷ್ಟು ಉಳಿದಿದೆ ಎಂದು ನೋಡುತ್ತ ಗಂಗಯ್ಯ ಬಗ್ಗಿದ, ಕೈಯಿಂದ ಸವರಿದ, ಒಂದು ಕಾಲು ಒಳಗಿಟ್ಟ, ಇನ್ನೊಂದನ್ನೂ ಇಟ್ಟ. ಒಳಗೆ ನಿಂತ ಮೇಲೆ ಗೊತ್ತಾಯಿತು, ತಾನು ಎಲ್ಲಿಂದ ಬಂದೆ ಎಂದು.

ಮನೆ ಖಾಲಿಯಾಗಿತ್ತು. ಎದುರಿಗೆ ಬೀಗ ಹಾಕಿದ ಬಾಗಿಲಿನ ಸಂದಿಯಿಂದ ಒಂದು ಗೀಟು ಬೆಳಕು. ನೆಲದ ಮೂಲೆಯಲ್ಲಿ ಎಣ್ಣೆಯ ಕಲೆ, ತಲೆಯ ಕಡೆ ದೀಪ ಇಟ್ಟ ಜಾಗ. ಕುಂಬಳಕಾಯಿ ಕೊಳೆತಂಥ, ಊದುಬತ್ತಿಯಂಥ, ಮುಚ್ಚಿದ ಮನೆಯ ವಾಸನೆ. ಅವನ ಬೂಟಿನ ಮಣ್ಣು ನೆಲದ ಮೇಲೆ ಉದುರಿತ್ತು. ಹರದನಹಳ್ಳಿಯಲ್ಲೂ ಅಪ್ಪನ ತಲೆಯ ಕಡೆ ಹೀಗೆಯೇ ದೀಪ ಇಟ್ಟಿದ್ದರು. ಕೇರಿಯ ಹಿರಿಯ ಮಂಚಯ್ಯ ಬಂದು, ಗಳಿಗೆ ಸರಿಯಿಲ್ಲ ಕಣ್ಲಾ, ಗೋಡೆ ತೆಗೀಬೇಕು ಅಂದಿದ್ದ. ಆ ಗೋಡೆ ಗಂಗಯ್ಯ ಕೆಲಸಕ್ಕೆ ಸೇರಿದ ವರ್ಷ ಮಣ್ಣಿನದನ್ನು ಕೆಡವಿ ಸುಟ್ಟ ಇಟ್ಟಿಗೆಯಲ್ಲಿ ಕಟ್ಟಿಸಿದ್ದು, ಕೇರಿಯಲ್ಲಿ ಮೊದಲನೆಯ ಇಟ್ಟಿಗೆಯ ಗೋಡೆ. ನಾನು ಕಟ್ಟೋನು, ಒಡೆಯೋನಲ್ಲ ಎಂದು ಅವನು ಅಂಗಳದಲ್ಲಿ ನಿಂತು ಎಲ್ಲರ ಎದುರಿಗೆ ಹೇಳಿದ್ದ. ಮಂಚಯ್ಯ ಬೆಟ್ಟಮ್ಮನ ಮುಖ ನೋಡಿದ್ದ. ಅವ್ವ ಅಪ್ಪನ ಕಾಲಿನ ಕಡೆ ಕೂತಿದ್ದವಳು ತಲೆ ಎತ್ತಲಿಲ್ಲ. ಅಪ್ಪನನ್ನು ಬಾಗಿಲಲ್ಲೇ ಸಾಗಿಸಿದರು. ಹೊತ್ತವರು ಹೊಸಿಲು ದಾಟುವಾಗ ಅಪ್ಪನ ಕೈ ಚೌಕಟ್ಟಿಗೆ ತಗುಲಿತ್ತು, ಬೇಕೆಂದೇ ಹಿಡಿದುಕೊಂಡ ಹಾಗೆ. ಹನ್ನೊಂದನೆಯ ದಿನ ಮುಗಿಸಿ ಅವ್ವ ತನ್ನ ಸೀರೆ ಒಂದು ಗಂಟು ಕಟ್ಟಿಕೊಂಡು ತಮ್ಮನ ಮನೆಗೆ ದಂಡಿಗನಹಳ್ಳಿಗೆ ಹೋದಳು. ಯಾಕೆ ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ನಾಲ್ಕು ವರ್ಷದಿಂದ ಆ ಮನೆಗೆ ಬೀಗ. ಹಾಸನಕ್ಕೆ ಬಾ, ನನ್ನ ಕ್ವಾರ್ಟರ್ಸ್‌ನಲ್ಲಿ ಎರಡು ಕೋಣೆ ಇದೆ, ನೀನೊಬ್ಬಳೇ ಇರಬಹುದು ಎಂದರೆ, ನೋಡಾನ ಎನ್ನುತ್ತಾಳೆ. ಅವನು ಹೋದಾಗಲೆಲ್ಲ ಕೇಳುವುದು ಒಂದೇ, ಉಂಡ್ಯಾ? ಹೌದು ಎಂದರೆ ಮಾತು ಮುಗಿಯುತ್ತದೆ. ಇಲ್ಲ ಎಂದರೆ ಮುದ್ದೆ ಬಡಿಸುತ್ತಾಳೆ, ಆಗಲೂ ಮುಗಿಯುತ್ತದೆ.

ಒಳಗಿನಿಂದ ಮುಂಬಾಗಿಲು ತೆರೆಯುವಂತಿರಲಿಲ್ಲ. ಬಂದ ದಾರಿಯಲ್ಲೇ ಹೊರಗೆ ಹೋದ. ಬೋರಪ್ಪ ಬೇರೆ ಕಡೆ ನೋಡುತ್ತಿದ್ದ. ಬೀಗದ ಕೈ ಪಕ್ಕದ ಮನೆಯ ಸುಬ್ಬಮ್ಮನ ಹತ್ತಿರ ಇದೆಯೆಂದು ಹೇಳಿ, ಕೇಳದೆಯೇ ಹೋಗಿ ತಂದುಕೊಟ್ಟ.

ವ್ಯಾನು ಹೇಳಿದ ಹೊತ್ತಿಗೇ ಬಂತು. ಪ್ರೊಫೆಸರರು ಖಾದಿ ಜುಬ್ಬದ, ಸಣ್ಣ ಆಳಿನ ಮನುಷ್ಯ. ಇಳಿದವರೇ ಯಾರ ಕೈಯನ್ನೂ ಕುಲುಕದೆ ಮನೆಗಳ ಸಾಲಿನ ಕಡೆ ನೋಡುತ್ತ ನಿಂತರು. ವಿದ್ಯಾರ್ಥಿಗಳು ಕ್ಯಾಮೆರಾ ತೆಗೆದರು. ನಂಜಪ್ಪ ಮುಂದೆ ಬಂದು ನಮಸ್ಕಾರ ಹೇಳಿ, ಇಲ್ಲಿಗೆ ಕರೆಂಟು ತಂದದ್ದು, ನಲ್ಲಿ ತಂದದ್ದು ಎಲ್ಲ ವಿವರಿಸುತ್ತ ನಡೆದ. ಗಂಗಯ್ಯ ಒಂದು ಹೆಜ್ಜೆ ಹಿಂದೆ ಇದ್ದ. ಮೊದಲ ಮನೆಗಳಲ್ಲಿ ಜನ ಇದ್ದರು. ವಿದ್ಯಾರ್ಥಿಗಳು ತಲೆಬಗ್ಗಿಸಿ ಒಳಗೆ ಹೋಗಿ ಮೇಲೆ ಕೆಳಗೆ ನೋಡಿದರು. ಮನೆಯವರು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. ನಿಂತು ಅಡಿಗೆ ಮಾಡಲೆಂದು ಕಟ್ಟಿದ್ದ ಕಟ್ಟೆಯ ಮೇಲೆ ಎಲ್ಲ ಮನೆಯಲ್ಲೂ ದೇವರ ಪಟ ಇತ್ತು, ಒಲೆ ನೆಲದ ಮೇಲಿತ್ತು. ಒಬ್ಬ ಮುದುಕ ತಿನ್ನುತ್ತಿದ್ದ ರೊಟ್ಟಿಯನ್ನು ಬೆನ್ನ ಹಿಂದಕ್ಕೆ ಸರಿಸಿದ್ದನ್ನು ಗಂಗಯ್ಯ ನೋಡಿದ. ಬೇರೆ ಯಾರೂ ನೋಡಲಿಲ್ಲ.

“ಇದೊಂದು ಮನೆ ಖಾಲಿ ಇದೆ ಸರ್, ಪ್ಲಾನು ಸ್ಪಷ್ಟವಾಗಿ ಕಾಣುತ್ತೆ,” ಎಂದು ಅವನೇ ಹನ್ನೊಂದನೇ ಮನೆಯ ಬೀಗ ತೆಗೆದ.

ಬಾಗಿಲು ತೆರೆದ. ಹಿಂದಿನ ತೆರವಿನಿಂದ ಬೆಳಕು ನೆಲದುದ್ದಕ್ಕೂ ಹರಿದು ಹೊಸಿಲವರೆಗೆ ಬಂದಿತ್ತು. ಮುಂದಿನಿಂದ ಗಾಳಿ ನುಗ್ಗಿ ಹಿಂದಕ್ಕೆ ಹಾದುಹೋಯಿತು, ಕೊಳೆತ ವಾಸನೆಯನ್ನೂ ಎತ್ತಿಕೊಂಡು. ತೆರವಿನ ಆಚೆ ಹಿತ್ತಿಲು, ಗರಿಯ ಮರೆ, ಅದರಾಚೆ ಹೊಲ. ಮನೆ ಎರಡರಷ್ಟು ದೊಡ್ಡದಾಗಿ ಕಂಡಿತು. ತಾನು ಕೆಂಪು ಪೆನ್ಸಿಲಿನಲ್ಲಿ ಹೊಡೆದುಹಾಕಿದ್ದು ಇದನ್ನೇ ಎಂದು ಅವನಿಗೆ ಗೊತ್ತಾಯಿತು.

“ಆಹಾ,” ಎಂದರು ಪ್ರೊಫೆಸರರು. ಅಷ್ಟು ಹೊತ್ತಿನಲ್ಲಿ ಅವರು ಆಡಿದ ಮೊದಲ ಮಾತು. “ನೋಡಿ, ಎಲ್ಲರೂ ಇಲ್ಲಿ ಬನ್ನಿ. ಮಿಕ್ಕ ಮನೆಗಳಲ್ಲಿ ನನಗೆ ಉಸಿರು ಕಟ್ತಾ ಇತ್ತು, ಯಾಕೆ ಅಂತ ತಿಳೀಲಿಲ್ಲ. ಇದು, ಇದು ಮನೆ. ಮಿಸ್ಟರ್ ಗಂಗಯ್ಯ, ಮಿಕ್ಕ ಮನೆಗಳಿಗೆ ಯಾಕೆ ಇದನ್ನ ಮಾಡಲಿಲ್ಲ?”

ನಂಜಪ್ಪ ಒಳಗೆ ಬಂದಿರಲಿಲ್ಲ. ಹೊಸಿಲಾಚೆ ನಿಂತು ಕತ್ತು ಚಾಚಿ ತೆರವನ್ನು ನೋಡಿದ. ಅದರ ಅಂಚಿನಲ್ಲಿ ಹೊಸದಾಗಿ ಕೆತ್ತಿದ ಇಟ್ಟಿಗೆಯ ಬಿಳಿಯನ್ನು ನೋಡಿದ. ಅವನ ಕಡೆಯ ಮನೆಗಳಲ್ಲೂ ಕೆಟ್ಟ ಗಳಿಗೆಯ ಹೆಣಕ್ಕೆ ಗೋಡೆ ತೆಗೆಯುತ್ತಾರೆ; ಅವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. “ಇದು ನಕ್ಷೇಲಿತ್ತಾ ಗಂಗಯ್ಯನೋರೆ?” ಎಂದು ಕೇಳಿದ, ಬಲು ಮೆತ್ತಗೆ. “ಇಲ್ಲ, ನಾನು ಇಷ್ಟು ದಿನ ನೋಡೇ ಇರ್ಲಿಲ್ಲ ನೋಡಿ. ಯಾರಾದ್ರೂ ಒಡೆದವ್ರೇನೋ ಅಂತ.”

ಪ್ರೊಫೆಸರರು ತಿರುಗಿ ನೋಡಿದರು. ಇಲ್ಲ ಎಂದರೆ ಹೊನ್ನಕ್ಕನ ಮನೆ ಹೋಗುತ್ತದೆ. ಇತ್ತು ಎಂದರೆ ಸುಳ್ಳು, ಆದರೆ ಪೂರ್ತಿ ಸುಳ್ಳಲ್ಲ. ಅವನ ತಲೆಯಲ್ಲಿ ಈ ಲೆಕ್ಕ ನಡೆಯುತ್ತಿದ್ದುದು ನಿಜ. ಆದರೆ ಬಾಯಿ ತೆರೆದಾಗ ಅವನಿಗೆ ಹೊನ್ನಕ್ಕನ ನೆನಪಿರಲಿಲ್ಲ, ಪ್ರೊಫೆಸರರ ‘ಆಹಾ’ ಮಾತ್ರ ಕಿವಿಯಲ್ಲಿತ್ತು.

“ಇತ್ತು. ಮೊದಲನೇ ನಕ್ಷೆಯಲ್ಲೇ ಇತ್ತು. ಇದೊಂದು ಮನೇಲಿ ಮಾಡಿ ನೋಡಿದ್ದು.”

“ಸರಿಯಾಗೇ ಮಾಡಿದೀರಿ,” ಎಂದು ಪ್ರೊಫೆಸರರು ನೇರ ನಡೆದು, ತೆರವಿನಲ್ಲಿ ಹಾದು ಹಿತ್ತಿಲಿಗೆ ಇಳಿದರು. ವಿದ್ಯಾರ್ಥಿಗಳು ಒಬ್ಬರ ಹಿಂದೆ ಒಬ್ಬರು ಹಾದರು. ಒಬ್ಬ ಹುಡುಗಿ ತಿರುಗಿ ಒಳಗೆ ಬಂದು, ಮತ್ತೆ ಹೊರಗೆ ಹೋಗಿ, ಬೆಳಕು ಹೇಗೆ ಬೀಳುತ್ತದೆಂದು ನೋಡಿದಳು.

“ನಡೀರಿ, ನಾನು ಈ ಕಡೆಯಿಂದ ಬತ್ತೀನಿ,” ಎಂದು ನಂಜಪ್ಪ ಮನೆಗಳ ಸಾಲನ್ನೆಲ್ಲ ಸುತ್ತಿ ಹಿತ್ತಿಲಿಗೆ ಬಂದ.

ಹೊನ್ನಕ್ಕ ಆಗಲೇ ಅಲ್ಲಿದ್ದಳು. ಉದ್ದ ಹಿಡಿಯ ಪೊರಕೆಯನ್ನು ಹೆಗಲಿಗೆ ಒರಗಿಸಿಕೊಂಡು, ತನ್ನ ಗರಿಯ ಮರೆಯ ಪಕ್ಕದಲ್ಲಿ ನಿಂತು, ತನ್ನ ಮನೆಯ ಗೋಡೆಯೊಳಗಿನಿಂದ ಜನ ಹೊರಗೆ ಬರುವುದನ್ನು ನೋಡುತ್ತಿದ್ದಳು. ಕೊನೆಯವನಾಗಿ ಗಂಗಯ್ಯ ಬಂದ. ಬೇಡವೆಂದು ಮುಂಬಾಗಿಲಿಗೆ ತಿರುಗಬಹುದಿತ್ತು. ಎಲ್ಲರೂ ಈ ಕಡೆ ಕಾಯುತ್ತಿದ್ದರು. ಅವಳ ಕಣ್ಣು ಅವನ ಬೂಟಿನಿಂದ ಮುಖಕ್ಕೆ ಬಂತು.

“ಯಾರು ಬಿಚ್ಚುದ್ರು ಇದ?”

ಬೋರಪ್ಪ ಚರಂಡಿಯ ಕಡೆ ತಿರುಗಿಕೊಂಡ. ಉತ್ತರ ಕೊಟ್ಟವನು ನಂಜಪ್ಪ. “ನಿಮ್ಮ ಇಂಜಿನಿಯರ್ರೇ ಕಣವ್ವ. ಮೊದ್ಲಿಂದ್ಲೂ ಇತ್ತಂತೆ ಇದು, ನಕ್ಷೇಲಿ. ಅಲ್ವೇನವ್ವ? ನೀನೇ ಯೋಳು, ಮನೆಯೋಳು.” ಅವನು ನಗುತ್ತಿದ್ದ. ಅವಳು ಈಗ ನಿಜ ಹೇಳಿದರೆ ಮನೆ ಬಿಡಿಸಲು ಅವನಿಗೆ ಬೇರೇನೂ ಬೇಕಿರಲಿಲ್ಲ.

ಪ್ರೊಫೆಸರರು ಪ್ರೀತಿಯಿಂದಲೇ ವಿಚಾರಿಸಿದರು. “ನಿಮ್ಮದೇನಮ್ಮ ಈ ಮನೆ? ಹಿಂದೊಂದು ಬಾಗಿಲು ಇರೋದರಿಂದ ಅನುಕೂಲ ಆಗಿದೆಯಾ?”

ಹೊನ್ನಕ್ಕ ಗಂಗಯ್ಯನನ್ನೇ ನೋಡುತ್ತಿದ್ದಳು. ಬಾಲ್ಯದಲ್ಲಿ ಅವನು ಯಾರದೋ ಹೊಲದ ಕಡಲೆಕಾಯಿ ಕಿತ್ತು ಸಿಕ್ಕಿಬಿದ್ದಾಗ ಅವಳು ಇದೇ ನೋಟದಿಂದ ಅವನನ್ನು ನೋಡಿ, ನಾನೇ ಕಿತ್ಕೊಟ್ಟೆ ಕಣ ಬುದ್ದಿ, ಎಂದು ಹೊಲದವನಿಗೆ ಹೇಳಿದ್ದಳು. ಅವನು ಆ ನೋಟವನ್ನು ಗುರುತಿಸಿದ, ಗುರುತಿಸಿ ತಲೆ ತಗ್ಗಿಸಿದ.

“ಊ ಸಾ,” ಎಂದಳು. “ಅನುಕೂಲ. ಮೊದ್ಲಿಂದ್ಲೂ ಇತ್ತು.”

ನಂಜಪ್ಪನ ನಗು ಹಾಗೇ ನಿಂತಿತು. ಗರಿಯ ಮರೆ ಯಾಕೆ ಎಂದು ಆ ಹುಡುಗಿ ಕೇಳಿದ್ದಕ್ಕೆ, ಸೆಕೆ ಕಣವ್ವ ಒಳಗೆ, ಎಂದಳು ಹೊನ್ನಕ್ಕ. ಮಾಘದ ಚಳಿಯಲ್ಲಿ ಹುಡುಗಿ ಸ್ವೆಟರ್ ಹಾಕಿದ್ದಳು; ಆದರೂ ತಲೆಯಾಡಿಸಿದಳು.

ವ್ಯಾನು ಹೋಯಿತು. ಪ್ರೊಫೆಸರರು ಹೊರಡುವ ಮೊದಲು ಗಂಗಯ್ಯನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಅರಕಲಗೂಡಿಗೆ ಈ ಹಿಂಬಾಗಿಲಿನ ನಕ್ಷೆಯನ್ನೇ ಕಳಿಸಿ, ನಾನು ಹೇಳ್ತೀನಿ ಎಂದಿದ್ದರು. ಅವನು ಬಹಳ ವರ್ಷ ಕಾದಿದ್ದ ಮಾತು. ಅದನ್ನು ಹೇಳಿಕೊಳ್ಳಲು ಯಾರಿದ್ದಾರೆ ಎಂದು ಯೋಚಿಸುತ್ತ ಸೈಕಲ್ ಹಿಡಿದವನು, ಹಿಡಿದುಕೊಂಡೇ ಹಿತ್ತಿಲಿಗೆ ತಿರುಗಿ ಬಂದ. ಹೊನ್ನಕ್ಕ ಒಲೆಯ ಕಲ್ಲುಗಳನ್ನು ಕಾಲಿನಿಂದ ಸರಿಸಿ ಬೂದಿಯ ಮೇಲೆ ನೀರು ಚೆಲ್ಲುತ್ತಿದ್ದಳು. ಪಾತ್ರೆಗಳು ಆಗಲೇ ಗೋಣಿಚೀಲದೊಳಗೆ ಹೋಗಿದ್ದವು.

“ಚಿಕ್ಕವ್ವ, ಈಗಲೇ ಮುಚ್ಚಿಸ್ತೀನಿ. ಬೋರಪ್ಪ ಇಲ್ಲೇ ಇದಾನೆ.”

“ಅದ ಒಂದೇ ಸಲ ಮುಚ್ಚೋದು.”

“ನಂಜಪ್ಪ ಮನೆ ಬಿಡಿಸ್ತಿದ್ದ. ಮನೆ ಉಳೀಲಿ ಅಂತ ಮಾಡ್ದೆ. ಈಗ ಅವನು ಏನೂ ಮಾಡೋ ಹಾಗಿಲ್ಲ. ಮನೆ ನಿಂದೇ.”

ಅವಳು ಚೀಲದ ಬಾಯಿಗೆ ದಾರ ಸುತ್ತಿದಳು. “ಒಳೀಕೆ ಮೊದ್ಲು ಕಾಲಿಟ್ಟೋರು ಯಾರು?”

“ನಾನೇ.”

“ಊ.” ದಾರದ ಗಂಟನ್ನು ಹಲ್ಲಿನಿಂದ ಬಿಗಿದಳು. ಗಂಟಿನ ಮೇಲಿಂದ ಕೈ ತೆಗೆಯದೆಯೇ ಮಾತಾಡಿದಳು. “ಎಲ್ಲಾ ಸೇರಿ ಮುಚ್ಚಿದ್ವಿ. ಕೈಲೇ ಮೆತ್ತುದ್ವಿ. ಆಮ್ಯಾಕೂ ಎಲ್ಡ್ ಮೂರು ರಾತ್ರಿ ಬಂದ. ಬಂದು ಗೋಡೆ ತಡುವೋದು ನನಗೆ ಇಲ್ಲಿಗೆ ಕೇಳ್ಸೋದು. ಆಮ್ಯಾಕೆ ನಿಂತೋಯ್ತು. ಓದ ಅಂದ್ಕಂಡೆ. ಅಳು ಬಂತು, ಓದ್ನಲ್ಲ ಅಂತ.” ಅವಳು ತೆರವಿನ ಕಡೆ ಕತ್ತು ತಿರುಗಿಸಲಿಲ್ಲ. “ಈಗ ಅಷ್ಟು ಜನ ಓಗಿ ಬಂದವ್ರೆ. ಅವನು ಸುಮ್ಕಿರ್ತಾನಾ?”

ಇಂಥದನ್ನೆಲ್ಲ ನಂಬಬೇಡ ಎನ್ನುವ ಮಾತು ಅವನ ನಾಲಿಗೆಯ ತುದಿಯಲ್ಲಿತ್ತು. ಹರದನಹಳ್ಳಿಯ ಅಂಗಳದಲ್ಲಿ ಅದನ್ನು ಆಡಿಯಾಗಿತ್ತು. ಈಗ ಆಡಲು ಅವನಿಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಗೋಡೆ ತಡವುವ ಸದ್ದಿನಲ್ಲಿ ನಂಬಿಕೆ ಇತ್ತೆಂದೂ ಅಲ್ಲ. ಚೌಕಟ್ಟಿಗೆ ತಗುಲಿದ ಅಪ್ಪನ ಕೈ ಅವನ ಮುಂದೆ ಬಂತು.

“ನಾನು ಕೇಳಬೇಕಿತ್ತು ನಿನ್ನ.”

“ಕೇಳಿದ್ರೆ ಬ್ಯಾಡ ಅಂತಿದ್ದೆ. ಮನೇನೂ ಓಗ್ತಿತ್ತು. ಅದೂ ಸರಿಯೇ.” ಅವಳು ಎದ್ದು ಚೀಲವನ್ನು ತಲೆಗೆ ಎತ್ತಿಕೊಳ್ಳಲು ನೋಡಿದಳು. ಅವನು ಸೈಕಲ್ ಬಿಟ್ಟು ಕೈ ಕೊಡಲು ಹೋದ. ಅಷ್ಟರಲ್ಲಿ ಸುಬ್ಬಮ್ಮ ಬಂದು ಇನ್ನೊಂದು ತುದಿ ಹಿಡಿದಿದ್ದಳು. “ನಿಮ್ಮಪ್ಪನ್ನ ಬಾಗ್ಲಲ್ಲೇ ತಗಂಡೋದ್ರಿ. ಬೆಟ್ಟಮ್ಮ ಒಂದು ಮಾತು ಅನ್ನಲಿಲ್ಲ. ನಾನೂ ಏನೂ ಅನ್ನಾಕಿಲ್ಲ ಸಾ.”

ಸಾ ಎಂದದ್ದರಲ್ಲಿ ಚುಚ್ಚು ಇರಲಿಲ್ಲ. ಅದನ್ನೇ ಅವನು ಕಾರ್ಯಾಲಯದವರೆಗೂ ಸೈಕಲ್ ತುಳಿಯುತ್ತ ಯೋಚಿಸಿದ. ನಂಜಪ್ಪನಿಗೆ ಹೇಳುವ, ಪ್ರೊಫೆಸರರಿಗೆ ಹೇಳಿದ, ಬೀದಿಯಲ್ಲಿ ಅಂಗಡಿಯವರಿಗೆ ಹೇಳುವ ಸಾ ಅದು. ದಾರಿ ಬಿಟ್ಟು ನಿಲ್ಲುವಾಗ ಹೇಳುವುದು. ಮಧ್ಯಾಹ್ನ ಹೋಟೆಲಿಗೆ ಹೋಗಬೇಕೆನಿಸಲಿಲ್ಲ. ಮೇಜಿನ ಮೇಲೆ ಕಾಗದ ಹಾಸಿ ನಾಲ್ಕು ಮೂಲೆಗೂ ಪಿನ್ನು ಚುಚ್ಚಿ, ಹಳೆಯ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡು, ಹಿಂಗೋಡೆಯ ಗೆರೆಯನ್ನು ಅಲ್ಲಿಯವರೆಗೆ ತಂದು ನಿಲ್ಲಿಸಿದ. ಗೆರೆ ನಿಲ್ಲಿಸಿದ ಜಾಗದಿಂದ ಮತ್ತೆ ಶುರುವಾಗುವ ಜಾಗದವರೆಗೆ ಕಾಗದ ಬೆಳ್ಳಗಿತ್ತು. ಸಂಜೆಯವರೆಗೆ ಬರೆದ. ಕೆಲಸ ಚೆನ್ನಾಗಿ ಬಂತು. ಇಷ್ಟು ಚೆನ್ನಾಗಿ ಬರುತ್ತಿದೆಯಲ್ಲ ಎಂದು ನಡುವೆ ಒಂದೆರಡು ಸಲ ಪೆನ್ನು ಕೆಳಗಿಟ್ಟ. ಜವಾನ ಬಂದು ಕಿಟಕಿ ಹಾಕಲೇ ಎಂದು ಕೇಳಿದಾಗ, ಇರಲಿ, ನಾನೇ ಹಾ​ಕ್ತೀನಿ ಎಂದ. ಆ ದಿನ ಊಟ ಆಯಿತೇ ಎಂದು ಅವನನ್ನು ಯಾರೂ ಕೇಳಲಿಲ್ಲ. ದಂಡಿಗನಹಳ್ಳಿಗೆ ಕೊನೆಯ ಬಸ್ಸು ಆರೂಕಾಲಿಗೆ ಇತ್ತು. ಅವನು ನಿಲ್ದಾಣದವರೆಗೆ ಹೋಗಿ, ಅದು ಹೊರಡುವುದನ್ನು ನೋಡಿ, ಕ್ವಾರ್ಟರ್ಸಿಗೆ ನಡೆದ.

ಮುಂದಿನ ವಾರ ಬೋರಪ್ಪ ಹನ್ನೊಂದನೇ ಮನೆಯ ತೆರವಿಗೆ ಚೌಕಟ್ಟು ಕೂರಿಸಿ ಬಾಗಿಲು ಇಟ್ಟ. ಅರಕಲಗೂಡಿನ ಮನೆಗಳಿಗೆ ಒಪ್ಪಿಗೆ ಬಂತು, ಎಲ್ಲಕ್ಕೂ ಹಿಂಬಾಗಿಲಿನ ಸಮೇತ. ಹೊನ್ನಕ್ಕ ಹಳ್ಳಿಮೈಸೂರಿನಲ್ಲಿದ್ದ ಮಗಳ ಮನೆಗೆ ಹೋದವಳು ಮೂರು ತಿಂಗಳಾದ ಮೇಲೂ ಬರಲಿಲ್ಲ. ಖಾಲಿ ಬಿದ್ದ ಮನೆ ಎಂದು ನಂಜಪ್ಪ ಮಳೆಗಾಲಕ್ಕೆ ಮುಂಚೆ ತನ್ನ ತೋಟದ ಆಳು ಒಬ್ಬನ ಸಂಸಾರವನ್ನು ಅಲ್ಲಿ ತಂದಿಟ್ಟ. ಅವರು ಬಂದ ದಿನವೇ ಹಿಂಬಾಗಿಲಿಗೆ ಹೊರಗಿನಿಂದ ಹಲಗೆ ಬಡಿದರು.